ವಿದೇಶಕ್ಕೆ ಹೊರಟಿದ್ದೀರಾ? ಯಾವ ಸಾಮಾನು ಯಾವ ಚೀಲಕ್ಕೆ ಅಂತ ಮೊದಲು ನೋಡಿ

ಬೇಸಿಗೆ ಶುರುವಾಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ. "ಮಗಳ ಹತ್ರ ಹೊಂಟೀವ್ರಿ, ಐದಾರು ತಿಂಗಳು ಇರೋದು. ಏನೇನ್ ಒಯ್ಬೇಕು?" ರಾಯಚೂರಿನಿಂದಲೂ ಇದೇ, ಸಿಂಧನೂರಿನಿಂದಲೂ ಇದೇ, ಗಂಗಾವತಿ, ಬಳ್ಳಾರಿಯಿಂದಲೂ ಇದೇ. ಪ್ರತಿ ಸಲ ಅರ್ಧ ಗಂಟೆ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಕಳಿಸಬಹುದು ಅಂತ ಕೂತೆ. ಮಕ್ಕಳನ್ನು ನೋಡಲು ಮೊದಲ ಸಲ ಹೊರಟ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಓದಲು, ಕೆಲಸಕ್ಕೆ ಹೋಗುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮರೆತು ಬಂದ ವಸ್ತುವಿನಿಂದ ಆಗುವ ತೊಂದರೆ ಕಡಿಮೆ, ಮರೆತದ್ದನ್ನು ಅಲ್ಲಿ ಕೊಳ್ಳಬಹುದು. ಒಳ್ಳೆಯ ವಸ್ತುವೇ ತಪ್ಪು ಚೀಲದಲ್ಲಿ ಕೂತಾಗ ನಿಜವಾದ ಪೇಚಾಟ ಶುರುವಾಗುತ್ತದೆ. ಪವರ್ ಬ್ಯಾಂಕ್ ದೊಡ್ಡ ಸೂಟ್‌ಕೇಸ್‌ನಲ್ಲಿ, ಉಪ್ಪಿನಕಾಯಿ ಕೈಚೀಲದಲ್ಲಿ, ಬಿಪಿ ಮಾತ್ರೆ ಎಲ್ಲೋ ಸೀರೆಗಳ ಕೆಳಗೆ. ಅದಕ್ಕೇ ಏನು ಒಯ್ಯಬೇಕು ಅಂತ ಉದ್ದ ಪಟ್ಟಿ ಮಾಡುವ ಮೊದಲು ಮೂರು ಚೀಲಗಳನ್ನು ಎದುರಿಗೆ ಇಟ್ಟುಕೊಳ್ಳಿ. ಒಂದು ಬಗಲ ಚೀಲ, ಅದು ಸದಾ ಮೈಮೇಲೆ ಇರುತ್ತದೆ. ಎರಡನೆಯದು ಕೈಚೀಲ, ವಿಮಾನದೊಳಗೆ ನಿಮ್ಮ ಜೊತೆ ಬರುತ್ತದೆ, ಇದಕ್ಕೆ ಕ್ಯಾಬಿನ್ ಬ್ಯಾಗ್ ಅನ್ನುತ್ತಾರೆ. ಮೂರನೆಯದು ದೊಡ್ಡ ಸೂಟ್‌ಕೇಸ್. ಕೌಂಟರಿನಲ್ಲಿ ಕೊಟ್ಟರೆ ಇಳಿದ ಮೇಲೆಯೇ ಸಿಗುತ್ತದೆ, ಇದು ಚೆಕ್-ಇನ್ ಬ್ಯಾಗ್.

ಹಂತ 1: ಸೂಟ್‌ಕೇಸ್ ಕೊಳ್ಳುವ ಮೊದಲು ಟಿಕೆಟ್ ಓದಿ

ಟಿಕೆಟ್‌ನಲ್ಲಿ ಬ್ಯಾಗೇಜ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ "2 ಪಿಸಿ" ಅಂತ ಇದ್ದರೆ ಎರಡು ಪೀಸ್, ಅಂದರೆ ಎರಡು ಸೂಟ್‌ಕೇಸ್. ಅಮೆರಿಕದ ಎಕಾನಮಿ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದೊಂದಕ್ಕೆ 23 ಕೆ.ಜಿ. ಮಿತಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಎರಡೂ ಸೇರಿ 46 ಕೆ.ಜಿ. ಆಯಿತಲ್ಲ ಅಂತ ಒಂದರಲ್ಲಿ 27, ಇನ್ನೊಂದರಲ್ಲಿ 19 ತುಂಬಿದರೆ ನಡೆಯುವುದಿಲ್ಲ. 27ರದ್ದಕ್ಕೆ ದಂಡ ಕಟ್ಟಬೇಕು, ಇಲ್ಲವೇ ಕೌಂಟರ್ ಮುಂದೆಯೇ ಸೂಟ್‌ಕೇಸ್ ಬಿಚ್ಚಿ ಸೀರೆ, ಪಂಚೆ ಆ ಕಡೆ ಈ ಕಡೆ ಮಾಡಬೇಕು. ಗಲ್ಫ್ ಕಡೆಯ ಟಿಕೆಟ್‌ಗಳಲ್ಲಿ ಹೆಚ್ಚಾಗಿ ಪೀಸ್ ಲೆಕ್ಕ ಇರುವುದಿಲ್ಲ, "30 ಕೆ.ಜಿ." ಅಂತ ಒಟ್ಟು ತೂಕ ಇರುತ್ತದೆ. ಆಗ ಹೇಗೆ ಬೇಕಾದರೂ ಹಂಚಬಹುದು. ಆದರೆ ಯಾವ ಒಂದು ಬ್ಯಾಗೂ 32 ಕೆ.ಜಿ. ದಾಟಬಾರದು. ಎತ್ತುವ ಕೆಲಸಗಾರರ ಬೆನ್ನಿನ ಸಲುವಾಗಿ ಇರುವ ನಿಯಮ ಅದು, ದುಡ್ಡು ಕೊಟ್ಟರೂ ಬಿಡುವುದಿಲ್ಲ.

ಅಳತೆಯೂ ಒಂದಿದೆ. ಸೂಟ್‌ಕೇಸ್‌ನ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿದರೆ 158 ಸೆಂ.ಮೀ. ಒಳಗಿರಬೇಕು ಅಂತ ಬಹಳ ಕಂಪನಿಗಳ ಲೆಕ್ಕ. ಖಾಲಿ ಸೂಟ್‌ಕೇಸೇ ಐದು ಕೆ.ಜಿ. ತೂಗಿದರೆ ಅಷ್ಟು ಹಿಂಡಿ (ಚಟ್ನಿಪುಡಿ), ಹೋಳಿಗೆ ಕಡಿಮೆಯಾಯಿತು ಅಂತಲೇ ಅರ್ಥ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಎತ್ತಿ ನೋಡಿ.

ಬಳ್ಳಾರಿ ಕಡೆಯವರಿಗೆ ಒಂದು ಎಚ್ಚರಿಕೆ. ತೋರಣಗಲ್ಲಿನ ವಿದ್ಯಾನಗರದಿಂದ ಬೆಂಗಳೂರಿಗೋ ಹೈದರಾಬಾದಿಗೋ ಬೇರೆ ಟಿಕೆಟ್ ಮಾಡಿಸಿ ಸಣ್ಣ ವಿಮಾನ ಹಿಡಿಯುವ ಯೋಚನೆ ಇದ್ದರೆ, ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ. ನಿಮ್ಮ ಎರಡು ಸೂಟ್‌ಕೇಸ್‌ಗಳಿಗೆ ಅಲ್ಲಿ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಕಾರು ಮಾಡಿಕೊಂಡು ಹೋಗಬಹುದೇನೋ, ಲೆಕ್ಕ ಹಾಕಿ.

ಹಂತ 2: ಬಗಲ ಚೀಲ

ಇದು ಚಿಕ್ಕದು. ಆದರೆ ಉಳಿದ ಎರಡೂ ಕಳೆದುಹೋದರೂ ಇದೊಂದು ಇದ್ದರೆ ನೀವು ಮಗಳ ಮನೆ ಮುಟ್ಟುತ್ತೀರಿ. ಊಟಕ್ಕೆ ಕೂತರೂ, ಶೌಚಕ್ಕೆ ಹೋದರೂ ಕೊರಳಿನಿಂದ ತೆಗೆಯಬೇಡಿ.

ಪಾಸ್‌ಪೋರ್ಟ್ ಮೊದಲು. ನೀವು ಹೋಗುವ ದಿನದಿಂದ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರಲಿ. ಬಹಳ ದೇಶಗಳು ಇದನ್ನು ಕೇಳುತ್ತವೆ. ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿ ಇದ್ದರೆ ಹಳೆಯದು, ಹೊಸದು ಎರಡೂ ಒಯ್ಯಿರಿ. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ನಮ್ಮ ಕಡೆ ಅಡ್ಡಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಟಿಕೆಟ್ ಮಾಡಿಸಿದ ದಿನವೇ ತಪ್ಪು ಕಂಡರೆ ತಿದ್ದಿಸುವುದು ಸುಲಭ, ಕೌಂಟರ್ ಮುಂದೆ ಕಷ್ಟ.

ಟಿಕೆಟ್, ವೀಸಾ, ಇನ್ಶೂರೆನ್ಸ್ ಮೂರನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆಸಿ. ಮೊಬೈಲ್‌ನಲ್ಲಿ ಇದೆ ಅಂತ ಸುಮ್ನೆ ಕೂರಬೇಡಿ. ಹದಿನೆಂಟು ಗಂಟೆ ಪ್ರಯಾಣದಲ್ಲಿ ಚಾರ್ಜ್ ಮುಗಿಯುವುದು ಸಹಜ. ಯುರೋಪಿನ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯ ಇಲ್ಲ, ಆದರೆ ಅಲ್ಲಿ ವಿಮೆ ಇಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತುವ ಧೈರ್ಯ ಯಾರಿಗೂ ಬೇಡ. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೆ ವಿಮೆ ಕೊಳ್ಳುವಾಗ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಮೇಲೆ ಕ್ಲೇಮ್ ಕೊಡುವುದಿಲ್ಲ.

ಒಂದು ಪೋಸ್ಟ್‌ಕಾರ್ಡ್ ಅಗಲದ ದಪ್ಪ ಕಾಗದದ ಮೇಲೆ ಮಗನ ಅಥವಾ ಮಗಳ ಹೆಸರು, ಪೂರ್ತಿ ವಿಳಾಸ, ಪಿನ್ ಕೋಡ್ ಥರದ ಅಲ್ಲಿನ ಜಿಪ್ ಕೋಡ್, ಫೋನ್ ನಂಬರ್ ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಬರೆಸಿ. ಇಮಿಗ್ರೇಷನ್‌ನಲ್ಲಿ, ಅಂದರೆ ಪಾಸ್‌ಪೋರ್ಟ್ ನೋಡಿ ದೇಶದೊಳಗೆ ಬಿಡುವ ಕೌಂಟರ್‌ನಲ್ಲಿ, ಎಲ್ಲಿ ಇರುತ್ತೀರಿ, ಎಷ್ಟು ದಿನ ಅಂತ ಕೇಳೇ ಕೇಳುತ್ತಾರೆ. ಗಾಬರಿಯಲ್ಲಿ ಬಾಯಿಗೆ ಬರದಿದ್ದರೆ ಆ ಕಾಗದ ಮುಂದೆ ಹಿಡಿಯಿರಿ, ಸಾಕು. ಅದರ ಹಿಂದೆಯೇ ನಿಮಗಿರುವ ಕಾಯಿಲೆ, ಮಾತ್ರೆಗಳ ಹೆಸರು ಬರೆಸಿಬಿಡಿ.

ದುಡ್ಡು. ಡಾಲರ್ ನೋಟು ಒಂದು ಪ್ರಯಾಣಕ್ಕೆ 3,000ದವರೆಗೆ ಒಯ್ಯಬಹುದು. ಮಕ್ಕಳ ಮನೆಗೆ ಹೋಗುವವರಿಗೆ ಅಷ್ಟು ಬೇಕಿಲ್ಲ. ಇನ್ನೂರು ಮುನ್ನೂರು ಡಾಲರ್ ಚಿಲ್ಲರೆ ನೋಟುಗಳಲ್ಲಿ ಇದ್ದರೆ ದಾರಿಖರ್ಚಿಗೆ ಆಯಿತು. ಭಾರತದ ರೂಪಾಯಿ 25,000ಕ್ಕಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ವಾಪಸ್ ಬಂದಾಗ ಟ್ಯಾಕ್ಸಿಗೆ, ಚಹಾಕ್ಕೆ ಬೇಕಾಗುವಷ್ಟು ಇಟ್ಟುಕೊಳ್ಳಿ. ಎಟಿಎಂ ಕಾರ್ಡಿನಲ್ಲಿ ವಿದೇಶದ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಅನ್ನುವುದನ್ನು ಆನ್ ಮಾಡಬೇಕು. ಇದನ್ನು ಊರಲ್ಲೇ ಮಾಡಿ. ಅಲ್ಲಿ ಹೋಗಿ ಮಾಡಲು ಹೊರಟರೆ ಒಟಿಪಿ ಬರಬೇಕು, ಒಟಿಪಿ ಬರಲು ಸಿಮ್ ನಡೆಯಬೇಕು. ಅದಕ್ಕೇ ಸಿಮ್‌ಗೆ ರೋಮಿಂಗ್ ಹಾಕಿಸಿ, ಜೊತೆಗೆ ನೀವು ವಾಪಸ್ ಬರುವ ತನಕ ಮುಗಿಯದಷ್ಟು ದಿನದ ರೀಚಾರ್ಜ್ ಮಾಡಿಸಿ. 28 ದಿನದ ರೀಚಾರ್ಜ್ ಮಾಡಿಸಿ ಹೋದವರಿಗೆ ಎರಡನೇ ತಿಂಗಳಲ್ಲಿ ಪಿಂಚಣಿ ಖಾತೆಯನ್ನೂ ತೆರೆದು ನೋಡಲು ಆಗುವುದಿಲ್ಲ.

ಚಿನ್ನದ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ತಾಳಿ, ಓಲೆ, ಎರಡು ಬಳೆ ಸಾಕು. ಅದಕ್ಕಿಂತ ಜಾಸ್ತಿ ಒಯ್ಯುವುದಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ, ಅಂದರೆ ಸಾಮಾನು ತಪಾಸಣೆ ಮಾಡುವವರ ಹತ್ತಿರ, ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಈ ಒಡವೆ ಇಲ್ಲಿಂದಲೇ ಹೋದದ್ದು ಅನ್ನುವುದಕ್ಕೆ ಅದೇ ಪುರಾವೆ. ಇಲ್ಲದಿದ್ದರೆ ವಾಪಸ್ ಬರುವಾಗ ಅಲ್ಲಿ ಕೊಂಡದ್ದು ಅಂತ ಸುಂಕ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಗಲ್ಫ್‌ಗೆ ಕೆಲಸಕ್ಕೆ ಹೋಗುವ ಹುಡುಗರಿಗೆ: ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಇದೆಯಾ ನೋಡಿ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಹಾಗೆ ಬರುತ್ತದೆ. ಇದ್ದರೆ ಸೌದಿ, ಕುವೈತ್, ಕತಾರ್ ಥರದ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು. ಆ ಕಾಗದವೂ ಬಗಲ ಚೀಲಕ್ಕೇ.

ಹಂತ 3: ಕೈಚೀಲ

ಕೈಚೀಲದ ತೂಕ ಸಾಮಾನ್ಯವಾಗಿ 7 ಕೆ.ಜಿ., ಕೆಲವು ಕಂಪನಿಗಳಲ್ಲಿ 8. ಇದನ್ನು ತುಂಬುವಾಗ ಹೀಗೆ ಯೋಚಿಸಿ: ದೊಡ್ಡ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂದರೆ ನನಗೆ ಏನು ಬೇಕು?

ಮೊದಲು ಮಾತ್ರೆ. ಎಲ್ಲವೂ ಇಲ್ಲಿಗೇ. ಸ್ಟ್ರಿಪ್‌ನಲ್ಲಿ ಇದ್ದ ಹಾಗೇ ಇರಲಿ, ಒಂದೊಂದೇ ಬಿಡಿಸಿ ಡಬ್ಬಿಗೆ ಹಾಕಬೇಡಿ. ಡಾಕ್ಟರ್ ಹತ್ತಿರ ಲೆಟರ್‌ಹೆಡ್ ಮೇಲೆ ಚೀಟಿ ಬರೆಸಿ, ಅದರಲ್ಲಿ ಕಂಪನಿ ಹೆಸರಿನ ಜೊತೆ ಮದ್ದಿನ ಮೂಲ ಹೆಸರೂ ಇರಲಿ. ನಮ್ಮ ಕಂಪನಿಗಳ ಹೆಸರು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಕ್ಕೆ ಸಾಕಾಗುವಷ್ಟು ಒಯ್ಯಬಹುದು. ಇನ್ಸುಲಿನ್ ಅಂತೂ ದೊಡ್ಡ ಸೂಟ್‌ಕೇಸ್‌ಗೆ ಹಾಕಲೇಬೇಡಿ, ವಿಮಾನದ ಹೊಟ್ಟೆಯಲ್ಲಿ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ದುಬೈ, ಅಬುಧಾಬಿ ಕಡೆ ಹೋಗುವವರು ಇನ್ನೂ ಹುಷಾರಾಗಿರಬೇಕು. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧ ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಮೊದಲೇ ಅನುಮತಿ ಇಲ್ಲದೆ ಒಯ್ದರೆ ಪೊಲೀಸ್ ಕೇಸೇ ಆಗಬಹುದು. ಮನೆಯಲ್ಲಿ ಉಳಿದ ಹಳೆಯ ಮಾತ್ರೆಗಳನ್ನು "ಇರಲಿ ತಗೋ" ಅಂತ ಹಾಕುವ ಚಾಳಿ ಬಿಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ವಿಮಾನದೊಳಗೆ ಆರಿಸಬಹುದು, ಕೆಳಗಿನ ಸಾಮಾನಿನ ಜಾಗದಲ್ಲಿ ಆಗುವುದಿಲ್ಲ. ಅಷ್ಟೇ ಕಾರಣ. ಮಿತಿ 100 ವ್ಯಾಟ್ ಅವರ್, ಅದು ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಲೆಕ್ಕ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದ್ದು 74 ವ್ಯಾಟ್ ಅವರ್ ಆಗುತ್ತದೆ, ತೊಂದರೆ ಇಲ್ಲ. ಮೇಲೆ ಬರೆದದ್ದು ಅಳಿಸಿಹೋಗಿದ್ದರೆ ಕಿತ್ತುಕೊಳ್ಳುತ್ತಾರೆ, ಹಾಗಾಗಿ ಹಳೆಯದನ್ನು ಒಯ್ಯಬೇಡಿ. ಕೆಲವು ಕಂಪನಿಗಳು ಈಗ ವಿಮಾನದೊಳಗೆ ಅದನ್ನು ಬಳಸಲು ಬಿಡುವುದಿಲ್ಲ.

ನೀರಿನಂಥದ್ದು ಯಾವುದೇ ಇರಲಿ, ಒಂದು ಬಾಟಲಿ 100 ಮಿ.ಲೀ. ದಾಟಬಾರದು, ಎಲ್ಲವೂ ಸೇರಿ ಒಂದು ಲೀಟರ್ ಹಿಡಿಯುವ ಪಾರದರ್ಶಕ ಚೀಲದಲ್ಲಿ ಇರಬೇಕು. ಇಲ್ಲಿ "ನೀರಿನಂಥದ್ದು" ಅಂದರೆ ಎಣ್ಣೆ, ತುಪ್ಪ, ಉಪ್ಪಿನಕಾಯಿ, ಮೊಸರು, ಟೂತ್‌ಪೇಸ್ಟ್, ಮುಲಾಮು ಎಲ್ಲವೂ ಬಂತು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಪುಡಿಗೂ ಲೆಕ್ಕ ಇದೆ: ಕೈಚೀಲದಲ್ಲಿ 350 ಮಿ.ಲೀ. ಡಬ್ಬಿಗಿಂತ ಹೆಚ್ಚು ಪುಡಿ ಇದ್ದರೆ ಬಿಚ್ಚಿ ನೋಡುತ್ತಾರೆ, ಬಿಡದೆಯೂ ಇರಬಹುದು. ಶೇಂಗಾ ಹಿಂಡಿ, ಖಾರದ ಪುಡಿ ಎಲ್ಲ ದೊಡ್ಡ ಸೂಟ್‌ಕೇಸ್‌ಗೆ.

ಅಡಕೊತ್ತು ಯಾವತ್ತೂ ಕೈಚೀಲದಲ್ಲಿ ಇರಬಾರದು. ಎಲೆ ಅಡಿಕೆ ಸಂಚಿಯನ್ನು ಹಾಗೇ ಎತ್ತಿ ಹಾಕಿಕೊಂಡು ಬರುವ ಅಜ್ಜಂದಿರಿಗೆ ಇದು. ಕತ್ತರಿ, ಚಾಕುಗೂ ಇದೇ ಮಾತು.

ಉಳಿದದ್ದು ಬೇಗ ಹೇಳುತ್ತೇನೆ. ಒಂದು ಜೊತೆ ಬಟ್ಟೆ, ಒಳಉಡುಪು, ಸ್ವೆಟರ್, ಕಾಲುಚೀಲ, ಕನ್ನಡಕ ಇನ್ನೊಂದು, ಖಾಲಿ ನೀರಿನ ಬಾಟಲಿ. ನಾಲ್ಕು ಸಜ್ಜೆ ರೊಟ್ಟಿ ಒಣಪಲ್ಯದ ಜೊತೆ ಇದ್ದರೆ ದಾರಿಯಲ್ಲಿ ಹಸಿವಾಗುವುದಿಲ್ಲ. ಇಳಿಯುವ ಮೊದಲು ಪಲ್ಯ ತಿಂದು ಮುಗಿಸಿ.

ಹಂತ 4: ತಿನ್ನುವ ಸಾಮಾನು

ಜಗಳ ಆಗುವುದೆಲ್ಲ ಇಲ್ಲೇ. ಮಕ್ಕಳು ಫೋನಿನಲ್ಲಿ "ಏನೂ ತರಬೇಡವ್ವ" ಅನ್ನುತ್ತಾರೆ, ಅಮ್ಮ ಮೂರು ವಾರ ಮೊದಲೇ ಶೇಂಗಾ ಹುರಿಯಲು ಕೂರುತ್ತಾಳೆ. ಇಬ್ಬರೂ ಸರಿ. ಅಲ್ಲಿ ಸಿಗುವುದನ್ನು ಹೊರಬೇಡಿ, ನಿಮ್ಮ ಕೈಯಿಂದಲೇ ಆಗಬೇಕಾದದ್ದನ್ನು ಮಾತ್ರ ಒಯ್ಯಿರಿ.

ಅಕ್ಕಿಯಿಂದ ಶುರು ಮಾಡೋಣ. ನಮ್ಮ ತುಂಗಭದ್ರಾ ಕಾಲುವೆಯ ಸೋನಾ ಮಸೂರಿ ಬಗ್ಗೆ ನಮಗೆ ಹೆಮ್ಮೆ, ನಿಜ. ಆದರೆ ಪ್ರಯಾಣಿಕರು ಭಾರತದಿಂದ ಅಕ್ಕಿ ತರುವುದನ್ನು ಅಮೆರಿಕ ಬಿಡುವುದಿಲ್ಲ. ಖಾಪ್ರಾ ಅನ್ನುವ ಒಂದು ಜಾತಿಯ ನುಸಿ ಅದರ ಜೊತೆ ಬಂದು ಅವರ ಗೋದಾಮುಗಳಿಗೆ ಸೇರಿಕೊಳ್ಳುತ್ತದೆ ಅನ್ನುವ ಭಯ. ಕಡಲೆ ಕಾಳು, ಕುಸುಬೆ ಬೀಜಕ್ಕೂ ಇದೇ ಕಾರಣಕ್ಕೆ ತಡೆ ಇದೆ. ಅಷ್ಟಕ್ಕೂ ಸೋನಾ ಮಸೂರಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ. ಹಸಿ ಕರಿಬೇವು, ಮಾವಿನ ಹಣ್ಣು, ನಿಂಬೆಹಣ್ಣು, ಮಾಂಸದ ಪದಾರ್ಥ ಕೂಡ ಬೇಡ.

ಒಣ ಕೊಬ್ಬರಿ ಬಗ್ಗೆ ಯಾರೂ ಹೇಳುವುದಿಲ್ಲ, ಎಲ್ಲರೂ ಸಿಕ್ಕಿಬೀಳುತ್ತಾರೆ. ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥ ಅಂತ ವಿಮಾನದ ನಿಯಮಗಳಲ್ಲಿ ಅದನ್ನು ಸೇರಿಸಿದ್ದಾರೆ. ನಮ್ಮ ದೇಶದ ನಿಲ್ದಾಣಗಳಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ನಮ್ಮ ಸಣ್ಣಮ್ಮ ಹೊರಟಾಗ ಮನೆಯಲ್ಲಿ ಉಡಿ ತುಂಬಿದ್ದರು. ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಎರಡು ಕೊಬ್ಬರಿ ಬಟ್ಟಲು. ಉಡಿಯನ್ನು ಬಿಟ್ಟು ಹೋಗಬಾರದು ಅಂತ ಅದನ್ನು ಕುಬಸದ ಬಟ್ಟೆಯಲ್ಲೇ ಗಂಟು ಕಟ್ಟಿ ಸೂಟ್‌ಕೇಸಿನ ಮೂಲೆಗೆ ಇಟ್ಟಿದ್ದಳು. ಸ್ಕ್ಯಾನ್‌ನಲ್ಲಿ ಕೊಬ್ಬರಿ ಕಂಡು ಅವಳನ್ನು ವಾಪಸ್ ಕರೆಸಿದರು. ಬೀಗ ತೆಗೆಸಿ, ಗಂಟು ಬಿಚ್ಚಿಸಿ, ಎರಡು ಬಟ್ಟಲು ಮೇಜಿನ ಮೇಲೆ ಇಟ್ಟುಕೊಂಡರು. ಅವಳಿಗೆ ಆದ ಬೇಜಾರು ಕೊಬ್ಬರಿಯ ಬೆಲೆಗಲ್ಲ, ಗೊತ್ತಲ್ವಾ? ಉಡಿ ತುಂಬಿಸಿಕೊಳ್ಳಿ, ಆಮೇಲೆ ಅಕ್ಕಿ, ಕೊಬ್ಬರಿ ಮನೆಯ ದೇವರ ಮುಂದೆ ಇಟ್ಟು ಕುಬಸದ ಬಟ್ಟೆ, ಅರಿಷಿಣದ ಕೊಂಬು ಮಾತ್ರ ಜೊತೆಗೆ ಒಯ್ಯಿರಿ. ಕರ್ಪೂರ, ಬೆಂಕಿಪೊಟ್ಟಣ ಕೂಡ ಬೇಡ. ವಿಭೂತಿ ಗಟ್ಟಿ ಒಯ್ಯಬಹುದು, ಪುಡಿ ಮಾಡದೆ ಗಟ್ಟಿಯಾಗಿಯೇ ಇಡಿ.

ಗಸಗಸೆ ಇನ್ನೊಂದು. ಯುಎಇ, ಸೌದಿ, ಸಿಂಗಪುರದಲ್ಲಿ ಗಸಗಸೆ ನಿಷೇಧ, ಅಫೀಮಿನ ಗಿಡದ ಬೀಜ ಅಂತ. ಅಂಟಿನ ಉಂಡಿಗೆ, ಕರ್ಚಿಕಾಯಿಗೆ ಗಸಗಸೆ ಹಾಕುವ ಮನೆಯವರು ಆ ದೇಶಗಳಿಗೆ ಹೋಗುವಾಗ ಹಾಕದೆ ಮಾಡಿ. ವೀಳ್ಯದೆಲೆ, ಪಾನ್ ಕೂಡ ಯುಎಇಗೆ ಒಯ್ಯುವಂತಿಲ್ಲ. ಇಂಗ್ಲೆಂಡ್, ಯುರೋಪಿಗೆ ನಮ್ಮ ದೇಶದಿಂದ ಹಾಲಿನ ಪದಾರ್ಥ ಬಿಡುವುದಿಲ್ಲ, ಪೇಡೆ, ಖೋವಾ, ತುಪ್ಪ ಬೇಡ. ಆಸ್ಟ್ರೇಲಿಯಾ ಎಲ್ಲಕ್ಕಿಂತ ಬಿಗಿ: ಬೀಜ, ಕಾಳು, ಕಟ್ಟಿಗೆ ವಸ್ತು ಎಲ್ಲವನ್ನೂ ಇಳಿದಾಗ ತೋರಿಸಲೇಬೇಕು. ಮೊಮ್ಮಗುವಿಗೆ ಅಂತ ಕಿನ್ನಾಳದ ಗೊಂಬೆ ಒಯ್ದರೆ ಅದೂ ಕಟ್ಟಿಗೆಯದೇ ತಾನೇ, ಅದನ್ನೂ ಹೇಳಿ.

ಹಾಗಾದರೆ ಏನು ಒಯ್ಯಬಹುದು? ಒಣಗಿದ್ದು, ಹುರಿದದ್ದು, ಬೇಯಿಸಿದ್ದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಮಸಾಲೆ ಖಾರ, ಶೇಂಗಾ ಹೋಳಿಗೆ, ಕಡಕ್ ರೊಟ್ಟಿ. ಹಿಂಡಿಗೆ ಒಣ ಕೊಬ್ಬರಿ ತುರಿದು ಹಾಕುವವರು ಈ ಸಲ ಬಿಡಿ, ಬೇಗ ಜಿಡ್ಡು ವಾಸನೆ ಬರುವುದೂ ತಪ್ಪುತ್ತದೆ. ಅರ್ಧರ್ಧ ಕೆ.ಜಿ. ಪ್ಯಾಕೆಟ್ ಮಾಡಿ, ಒಂದರೊಳಗೆ ಒಂದು ಎರಡು ಜಿಪ್ ಚೀಲ, ಗಾಳಿ ಪೂರ್ತಿ ತೆಗೆದು ಮುಚ್ಚಿ. ಗಾಳಿ ಉಳಿದರೆ ಎತ್ತರದಲ್ಲಿ ಉಬ್ಬಿ ಒಡೆದು ಸೀರೆಯೆಲ್ಲ ಖಾರ ಆಗುತ್ತದೆ. ಪ್ರತಿ ಪ್ಯಾಕೆಟ್ ಮೇಲೆ ಇಂಗ್ಲಿಷ್‌ನಲ್ಲಿ ಏನು ಅಂತ ಬರೆದು ಅಂಟಿಸಿ: ಪೀನಟ್ ಪೌಡರ್, ಚಿಲ್ಲಿ ಪೌಡರ್. ಹೆಸರಿಲ್ಲದ ಕರಿ ಪುಡಿಯನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಗುರೆಳ್ಳು ಪುಡಿ ನೋಡಲು ಹೇಗಿರುತ್ತದೆ ನೆನಪಿಸಿಕೊಳ್ಳಿ.

ಕಡಕ್ ರೊಟ್ಟಿ ಕಟ್ಟುವುದು ಒಂದು ಕಲೆ. ತಟ್ಟಿ ಸುಟ್ಟ ಮೇಲೆ ಒಂದು ರಾತ್ರಿ ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಬಿಡಿ. ನಡುವೆ ಸ್ವಲ್ಪ ಮೆತ್ತಗೆ ಉಳಿದರೂ ಮೂರು ದಿನದಲ್ಲಿ ಬೂಸು ಬರುತ್ತದೆ. ಇಪ್ಪತ್ತು ಇಪ್ಪತ್ತೈದರ ಥಾಕು ಮಾಡಿ, ಕೆಳಗೊಂದು ಮೇಲೊಂದು ಸ್ಟೀಲ್ ತಾಟು ಇಟ್ಟು ತಾಟುಗಳ ಅಂಚು ಸೇರಿಸಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿ. ತಾಟು ಅಲ್ಲಿ ಉಪಯೋಗಕ್ಕೂ ಬರುತ್ತದೆ. ಸೂಟ್‌ಕೇಸಿನ ಗೋಡೆಗೆ ತಾಗಿಸದೆ ಸರಿಯಾಗಿ ನಡುವೆ ಇಡಿ, ಕೆಳಗೆ ಮೇಲೆ ಮೆತ್ತನೆ ಬಟ್ಟೆ. ಒಂದಷ್ಟು ಆದರೂ ಮುರಿಯುತ್ತವೆ. ಮುರಿದದ್ದು ಮೊಸರಿಗೆ, ಮುಟಗಿಗೆ ಆಯಿತು.

ಉಪ್ಪಿನಕಾಯಿ ಒಯ್ಯಲೇಬೇಕಾದರೆ ಗಾಜಿನ ಭರಣಿ ಬೇಡ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ, ಮೇಲೆ ಟೇಪು, ಮತ್ತೆ ಎರಡು ಚೀಲ. ಎಣ್ಣೆ ಮಾತ್ರ ದಾರಿ ಹುಡುಕಿಯೇ ಹುಡುಕುತ್ತದೆ.

ಇಷ್ಟೆಲ್ಲ ಆದ ಮೇಲೆ ಇಳಿದ ಕಡೆ ಕಸ್ಟಮ್ಸ್‌ನವರು ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ "ಇದೆ" ಅನ್ನಿ. ಹೆದರಿ "ಇಲ್ಲ" ಅನ್ನಬೇಡಿ. ಹೇಳಿದರೆ ಹೆಚ್ಚೆಂದರೆ ಬಿಡದ ಪದಾರ್ಥ ತೆಗೆದು ಬಿಸಾಡುತ್ತಾರೆ. ಮುಚ್ಚಿಟ್ಟು ಸಿಕ್ಕರೆ ದಂಡ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರದಲ್ಲಿ ಆ ದೇಶದ ಕಸ್ಟಮ್ಸ್ ಪುಟವನ್ನು ಮಕ್ಕಳ ಹತ್ತಿರ ಒಮ್ಮೆ ನೋಡಿಸಿ.

ಹಂತ 5: ಬಟ್ಟೆ

ರಾಯಚೂರಿನ ಬಿಸಿಲಲ್ಲಿ ನಿಂತು ಮೈನಸ್ ಚಳಿಗೆ ಬಟ್ಟೆ ಆರಿಸುವುದು ಅಂದರೆ ತಮಾಷೆಯೇ. ನಮ್ಮಲ್ಲಿ ಸ್ವೆಟರ್ ಹುಡುಕಿದರೆ ಮಕ್ಕಳದ್ದು ಸಿಗುತ್ತದೆ. ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ. ನಮ್ಮ ಚಳಿಗೆ ಹೊಲಿದದ್ದು ಅಲ್ಲಿಯ ಚಳಿಗೆ ಏನೂ ಅಲ್ಲ. ಮಕ್ಕಳಿಗೆ ಅಳತೆ ಹೇಳಿದರೆ ಅವರು ಕೊಂಡು ನಿಲ್ದಾಣಕ್ಕೇ ತರುತ್ತಾರೆ. ಇಲ್ಲಿಂದ ಎರಡು ಜೊತೆ ಥರ್ಮಲ್, ಅಂದರೆ ಮೈಗೆ ಅಂಟಿಕೊಳ್ಳುವ ಬೆಚ್ಚನೆ ಒಳ ಉಡುಪು, ಒಂದು ಸ್ವೆಟರ್, ಒಂದು ಶಾಲು ಸಾಕು. ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕಿದರೆ ಹೆಚ್ಚು ಬೆಚ್ಚಗೆ. ಮನೆಯೊಳಗೆ ಹೀಟರ್ ಇರುತ್ತದೆ, ಬಿಚ್ಚಲೂ ಸುಲಭ.

ಬಳ್ಳಾರಿಯವರಿಗೆ ಜೀನ್ಸ್ ಮನೆ ಬಾಗಿಲಲ್ಲೇ ಸಿಗುತ್ತದೆ. ಹಾಗಂತ ಅಳಿಯನಿಗೆ ಆರು, ಮಗನಿಗೆ ಆರು ಅಂತ ತುಂಬಬೇಡಿ. ಒಂದೊಂದು ಅರ್ಧ ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ನೀವು ಹಾಕಿಕೊಂಡು ಹೋಗುವುದು ಅತಿ ಭಾರದ ಬಟ್ಟೆ, ಅತಿ ಭಾರದ ಶೂ ಆಗಿರಲಿ. ಮೈಮೇಲಿನದ್ದನ್ನು ಯಾರೂ ತೂಗುವುದಿಲ್ಲ.

ಕೌದಿ. ಮೊಮ್ಮಗುವಿಗೆ ಅಂತ ಅಜ್ಜಿ ಹಳೆ ಸೀರೆಯಲ್ಲಿ ಹೊಲಿದ ಕೌದಿಯನ್ನು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಗಾಳಿ ತೆಗೆಯುವ ಚೀಲದಲ್ಲಿ ಹಾಕಿದರೆ ಅರ್ಧ ಜಾಗ ಉಳಿಯುತ್ತದೆ, ಆದರೆ ತೂಕ ಅಷ್ಟೇ ಇರುತ್ತದೆ. ಅದಕ್ಕೆ ಬದಲು ಎರಡು ಸೀರೆ ಬಿಡಿ.

ಹಂತ 6: ಕರೆಂಟಿನ ಸಾಮಾನು

ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ಇಲ್ಲಿನ ಮಿಕ್ಸಿ ಅಲ್ಲಿ ಅರೆಯುವುದಿಲ್ಲ, ಸುಮ್ನೆ ನರಳುತ್ತದೆ. ಒಯ್ಯಬೇಡಿ. ಮೊಬೈಲ್ ಚಾರ್ಜರ್ ಮೇಲೆ 100ರಿಂದ 240 ಅಂತ ಬರೆದಿದ್ದರೆ ಎಲ್ಲ ಕಡೆ ನಡೆಯುತ್ತದೆ, ಪಿನ್ ಬದಲಿಸುವ ಅಡಾಪ್ಟರ್ ಒಂದು ಸಾಕು. ಅಮೆರಿಕದ್ದು ಎರಡು ಚಪ್ಪಟೆ ಪಿನ್, ಇಂಗ್ಲೆಂಡ್, ದುಬೈ, ಸಿಂಗಪುರದ್ದು ಮೂರು ಚೌಕ ಪಿನ್.

ಹಂತ 7: ತೂಗಿ, ಬೀಗ ಹಾಕಿ

ಹೊರಡುವ ಎರಡು ದಿನ ಮೊದಲು ಪೂರ್ತಿ ತುಂಬಿ ತೂಗಿ. ಹಿಂದಿನ ರಾತ್ರಿ ಅಲ್ಲ. ತೂಗುಹಾಕುವ ಸಣ್ಣ ಲಗೇಜ್ ಕಾಟಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ನೀವೊಬ್ಬರೇ ನಿಂತು ಒಮ್ಮೆ, ಸೂಟ್‌ಕೇಸ್ ಎತ್ತಿಕೊಂಡು ಒಮ್ಮೆ ನೋಡಿ, ಕಳೆಯಿರಿ. ಪರಿಚಯದ ಕಿರಾಣಿ ಅಂಗಡಿಯ ಕಾಟಾದಲ್ಲೂ ಆಗುತ್ತದೆ. 23 ಮಿತಿ ಇದ್ದರೆ 22ಕ್ಕೆ ನಿಲ್ಲಿಸಿ. ನಿಮ್ಮ ಕಾಟಾ, ಅವರ ಕಾಟಾ ಒಂದೇ ಇರುವುದಿಲ್ಲ. ಜೊತೆಗೆ ಕಡೇ ಗಳಿಗೆಯಲ್ಲಿ ಪಕ್ಕದ ಮನೆಯವರು "ಇದೊಂದು ನಮ್ಮ ಹುಡುಗನಿಗೆ ಕೊಟ್ಟುಬಿಡ್ರಿ" ಅಂತ ಬಂದೇ ಬರುತ್ತಾರೆ. ಬಿಗಿಯಾಗಿ ಮುಚ್ಚಿದ ಪೊಟ್ಟಣವನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಅದರಲ್ಲಿ ಏನಿದ್ದರೂ ಜವಾಬ್ದಾರಿ ನಿಮ್ಮದು.

ಪೊಳ್ಳು ಜಾಗ ಬಿಡಬೇಡಿ. ಕುಕ್ಕರಿನೊಳಗೆ ಹಿಂಡಿ ಪ್ಯಾಕೆಟ್, ಶೂ ಒಳಗೆ ಕಾಲುಚೀಲ. ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ಇಬ್ಬರ ಬಟ್ಟೆಯನ್ನೂ ಎಲ್ಲ ಸೂಟ್‌ಕೇಸ್‌ಗಳಲ್ಲಿ ಹಂಚಿ. ಒಂದು ತಪ್ಪಿಹೋದರೂ ಇಬ್ಬರಿಗೂ ಉಡಲು ಇರುತ್ತದೆ.

ಅಮೆರಿಕಕ್ಕಾದರೆ ಟಿಎಸ್ಎ ಬೀಗ ಇರುವ ಸೂಟ್‌ಕೇಸ್ ಕೊಳ್ಳಿ. ಅಲ್ಲಿನ ತಪಾಸಣೆಯವರ ಹತ್ತಿರ ಅದಕ್ಕೆ ಕೀ ಇರುತ್ತದೆ, ಬೇರೆ ಬೀಗವಾದರೆ ಮುರಿದು ನೋಡುತ್ತಾರೆ. ಗೋಣಿ ಹೊಲಿದ ಮೂಟೆ, ಹಗ್ಗ ಸುತ್ತಿದ ಗುಂಡನೆಯ ಗಂಟನ್ನು ಕೆಲವು ನಿಲ್ದಾಣಗಳಲ್ಲಿ ತೆಗೆದುಕೊಳ್ಳುವುದಿಲ್ಲ, ಯಂತ್ರದ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ ಅಂತ. ಕೈಹಿಡಿಗೆ ಹಳೆ ಸೀರೆಯ ಕೆಂಪು ಅಂಚು ಕಟ್ಟಿ. ಕರಿ ಸೂಟ್‌ಕೇಸ್‌ಗಳ ಸಾಲಿನಲ್ಲಿ ನಿಮ್ಮದು ದೂರದಿಂದಲೇ ಕಾಣುತ್ತದೆ. ಮುಚ್ಚುವ ಮೊದಲು ಒಳಗಿನ ಫೋಟೊ, ಮುಚ್ಚಿದ ಮೇಲೆ ಹೊರಗಿನ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಒಳಗೂ ಒಂದು ವಿಳಾಸದ ಚೀಟಿ ಹಾಕಿ.

ಹಂತ 8: ಮನೆಯಿಂದ ಅಲ್ಲಿಯವರೆಗೆ

ರಾಯಚೂರಿನವರಿಗೆ ಹೈದರಾಬಾದಿನ ಶಂಷಾಬಾದ್ ಹತ್ತಿರ, ಸುಮಾರು 200 ಕಿ.ಮೀ. ಬಳ್ಳಾರಿಯಿಂದ ದೇವನಹಳ್ಳಿ 300ರ ಆಸುಪಾಸು. ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ ಬೆಳಗ್ಗೆ ಬೆಂಗಳೂರು ಮುಟ್ಟಬಹುದು, ಆದರೆ ನಾಲ್ಕು ಸೂಟ್‌ಕೇಸ್ ರೈಲಿಗೆ ಏರಿಸಿ ಇಳಿಸುವ ಕಷ್ಟ ನೆನಪಿರಲಿ. ಯಾವ ದಾರಿಯಾದರೂ ವಿಮಾನಕ್ಕೆ ನಾಲ್ಕು ಗಂಟೆ ಮೊದಲು ಅಲ್ಲಿರುವ ಹಾಗೆ ಹೊರಡಿ.

ನಡೆಯಲು ಕಷ್ಟ ಇರುವವರು, ಇಂಗ್ಲಿಷ್ ಬಾರದವರು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಅದಕ್ಕೆ ದುಡ್ಡಿಲ್ಲ. ನಡುವೆ ವಿಮಾನ ಬದಲಿಸುವ ನಿಲ್ದಾಣದಲ್ಲೂ ಒಬ್ಬರು ಜೊತೆಗಿದ್ದು ಮುಂದಿನ ಗೇಟಿನವರೆಗೆ ಬಿಡುತ್ತಾರೆ. ಇದರಲ್ಲಿ ನಾಚಿಕೆ ಏನಿಲ್ಲ.

ಅಮೆರಿಕದಲ್ಲಿ ಇಳಿದ ಮೇಲೆ ಇನ್ನೊಂದು ಒಳವಿಮಾನ ಇದ್ದರೆ, ಮೊದಲು ಇಳಿದ ಊರಲ್ಲೇ ಸಾಮಾನ್ಯವಾಗಿ ಸೂಟ್‌ಕೇಸ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. "ಕೊನೆಯವರೆಗೆ ಹಾಕಿದ್ದೇವೆ" ಅಂತ ಇಲ್ಲಿ ಹೇಳಿದ್ದರೂ ಅಲ್ಲಿ ಒಮ್ಮೆ ಕೇಳಿ.

ಸೂಟ್‌ಕೇಸ್ ಕೊಟ್ಟಾಗ ಬೋರ್ಡಿಂಗ್ ಪಾಸ್, ಅಂದರೆ ವಿಮಾನ ಹತ್ತಲು ಕೊಡುವ ಚೀಟಿಯ ಹಿಂದೆ ಒಂದು ಸಣ್ಣ ಚೀಟಿ ಅಂಟಿಸಿ ಕೊಡುತ್ತಾರೆ, ಬ್ಯಾಗೇಜ್ ಟ್ಯಾಗ್. ಅದನ್ನು ಬಗಲ ಚೀಲದಲ್ಲಿ ಹಾಕಿ, ಮನೆ ಮುಟ್ಟುವವರೆಗೆ ಬಿಸಾಡಬೇಡಿ. ಇಳಿದ ಮೇಲೆ ಸಾಮಾನು ಬರುವ ಪಟ್ಟಿ (ಬೆಲ್ಟ್) ನಿಂತರೂ ನಿಮ್ಮ ಸೂಟ್‌ಕೇಸ್ ಬರದಿದ್ದರೆ ಹೊರಗೆ ಮಗಳು ಕಾಯುತ್ತಿದ್ದಾಳೆ ಅಂತ ಓಡಬೇಡಿ. ಆ ಹಾಲ್ ಒಳಗೇ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರ್ ಇರುತ್ತದೆ. ಟ್ಯಾಗ್, ಸೂಟ್‌ಕೇಸಿನ ಫೋಟೊ, ಮಗಳ ವಿಳಾಸದ ಕಾಗದ ತೋರಿಸಿ, ಪಿಐಆರ್ ಅನ್ನುವ ದೂರಿನ ಫಾರ್ಮ್ ಬರೆಸಿ, ಅದರ ನಂಬರ್ ತೆಗೆದುಕೊಂಡೇ ಹೊರಗೆ ಬನ್ನಿ. ಸಿಕ್ಕ ಮೇಲೆ ಅವರೇ ಮನೆಗೆ ತಂದು ಕೊಡುತ್ತಾರೆ. ಅಲ್ಲಿಯ ತನಕ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಮಾತ್ರೆ, ಉಳಿದ ಎರಡು ಸಜ್ಜೆ ರೊಟ್ಟಿ ಇರುತ್ತವೆ.